ಕೆಂಪು ಬಟ್ಟೆ ಬರುವವರೆಗೆ

ಬಾಲದಕ್ಕನ ಮುತ್ತಜ್ಜ ಹೇಸರಗತ್ತೆಗಳ ಮೇಲೆ ಹೇರು ಸಾಗಿಸುವವನು. ಬೆಟ್ಟದ ಈ ಮಗ್ಗುಲಿನ ಉಪ್ಪನ್ನು ಆ ಮಗ್ಗುಲಿಗೆ, ಆ ಮಗ್ಗುಲಿನ ಉಣ್ಣೆಯನ್ನು ಈ ಮಗ್ಗುಲಿಗೆ ತಲುಪಿಸುತ್ತ ನಲವತ್ತು ವರ್ಷ ಘಟ್ಟ ಹತ್ತಿ ಇಳಿದ. ಸಾಲಿನ ಮುಂದೆ ನಡೆಯುವವನಿಗೆ ಹೆಸರು, ಮರ್ಯಾದೆ ಎಲ್ಲ ಹೆಚ್ಚು. ಆದರೂ ಅವನು ಒಂದು ದಿನವೂ ಮುಂದೆ ನಡೆಯಲಿಲ್ಲ. ಕೊನೆಯ ಹೇಸರಗತ್ತೆಯ ಬಾಲಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ ಅದರ ಹಿಂದೆ ತಾನು ನಡೆಯುತ್ತಿದ್ದ. ಮುಂದಿನವನು ಪ್ರತಿ ತಿರುವಿನಲ್ಲಿ ಹಿಂತಿರುಗಿ ನೋಡಬೇಕು. ಕೆಂಪು ಕಂಡರೆ ಸಾಲು ಪೂರ್ತಿ ಇದೆ ಎಂದು ಅರ್ಥ. ಒಮ್ಮೆ ಆಲಿಕಲ್ಲಿನ ಮಳೆಯಲ್ಲಿ ಒಂದು ಪ್ರಾಣಿ ಕಾಲು ಜಾರಿ ಪೊದೆಗೆ ಉರುಳಿತು. ಉಳಿದವರು ಜೀವ ಉಳಿದರೆ ಸಾಕೆಂದು ಓಡಿದರು. ಈತ ಅದಕ್ಕೆ ಹೆಗಲು ಕೊಟ್ಟು ಎಬ್ಬಿಸಿ, ಅದರ ಮೂಟೆಯನ್ನು ತಾನು ಹೊತ್ತು, ಮಾರನೆಯ ಮಧ್ಯಾಹ್ನ ಊರು ಮುಟ್ಟಿದ.

ಅವನ ಮಗ ರಸ್ತೆ ಮೇಸ್ತ್ರಿ. ಹೇಸರಗತ್ತೆ ನಡೆದ ಅದೇ ಜಾಡಿಗೆ ಕಲ್ಲು ಹಾಸಿ ಗಾಡಿದಾರಿ ಮಾಡಿದವನು. ಸಂಜೆ ಕೂಲಿಯವರೆಲ್ಲ ಇಳಿದ ಮೇಲೆ ಗುದ್ದಲಿ, ಹಾರೆ, ಬುಟ್ಟಿ ಎಲ್ಲವನ್ನೂ ಒಂದು ಸಲ ಮುಟ್ಟಿ ನೋಡಿ ಕೊನೆಯವನಾಗಿ ಕೆಳಗಿಳಿಯುತ್ತಿದ್ದ. ಘಟ್ಟದ ನೆತ್ತಿಯಲ್ಲಿ ದಾರಿ ಎರಡಾಗುವ ಕಡೆ ಅವನು ಕೂರಲು ಇಟ್ಟ ಚಪ್ಪಡಿ ಕಲ್ಲು ಇವತ್ತಿಗೂ ಅಲ್ಲೇ ಇದೆ. ಮೇಸ್ತ್ರಿಯ ಮಗ ಸೈಕಲ್ ಮೇಲೆ ಟಪಾಲು ಹಂಚಿದವನು. ಕಾಲು ಸೋತ ಮೇಲೆ ಸೈಕಲ್ ರಿಪೇರಿ ಅಂಗಡಿ ಇಟ್ಟ. ಅವನ ಹೆಂಡತಿ, ಅಂದರೆ ಬಾಲದಕ್ಕನ ತಾಯಿ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಚಕ್ರದ ಕಡ್ಡಿ ಬಿಗಿದವಳು. ಆಕೆ ನೆಟ್ಟಗೆ ಮಾಡಿದ ಚಕ್ರ ತಿರುಗಿದರೆ ತಿರುಗುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ, ನಿಂತ ನೀರಿನ ಹಾಗೆ ಕಾಣುತ್ತಿತ್ತು.

ತಲೆಮಾರು ತಲೆಮಾರಿಗೆ ಹೀಗೆ ಹಿಂದೆಯೇ ಉಳಿದದ್ದಕ್ಕೆ ಊರವರು ಆ ಮನೆಯನ್ನು ‘ಬಾಲದ ಮನೆ’ ಎಂದು ಕರೆದರು. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವರು ಅದನ್ನೇ ಅಂಗಡಿಯ ಬೋರ್ಡಿನ ಮೇಲೆ ಬರೆಸಿಕೊಂಡರು. ಆ ಬೋರ್ಡು ಬರೆಯಲು ಬಂದವನು ಬಣ್ಣ ಒಣಗುವವರೆಗೆ ಕೂತ, ಮತ್ತೆ ಮಾರನೇ ದಿನ ಬಂದ, ಕೊನೆಗೆ ಆ ಮನೆಯ ಅಳಿಯನೇ ಆದ. ಇವತ್ತಿಗೂ ಕೇಳಿದರೆ, ‘ಬಾಲ ಹಿಡಿದೆ, ಬಿಡಲಾಗಲಿಲ್ಲ’ ಎಂದು ನಗುತ್ತಾನೆ. ಅವನ ಹೆಂಡತಿಗೆ ಈಗ ಅರವತ್ತೊಂದು. ಊರಿಗೆಲ್ಲ ಆಕೆ ಬಾಲದಕ್ಕ.

ಆ ಅಂಗಡಿಯನ್ನು ನಾನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಮೇಲೆ ಕೊಕ್ಕೆಗಳಿಗೆ ಸೈಕಲ್‌ಗಳು ಬಾವಲಿಯ ಹಾಗೆ ತಲೆಕೆಳಗಾಗಿ ತೂಗುತ್ತಿರುತ್ತವೆ. ನೆಲ ಗ್ರೀಸ್ ಕುಡಿದು ಕುಡಿದು ಹೊಳೆಯುವ ಕಪ್ಪಾಗಿದೆ. ಒಂದು ಗೋಡೆಯ ತುಂಬ ಹಲಗೆ. ಅದರ ಮೇಲೆ ಪ್ರತಿ ಸ್ಪ್ಯಾನರಿನ ಜಾಗದಲ್ಲೂ ಅದರದೇ ಆಕಾರವನ್ನು ಗಂಡ ಬಿಳಿ ಬಣ್ಣದಲ್ಲಿ ಬರೆದುಕೊಟ್ಟಿದ್ದಾನೆ. ಯಾವುದಾದರೂ ಒಂದು ಸ್ಪ್ಯಾನರು ವಾಪಸು ಬಂದಿಲ್ಲವೆಂದರೆ ಆ ಬಿಳಿ ಆಕಾರ ಹಲ್ಲು ಬಿದ್ದ ಬಾಯಿಯ ಹಾಗೆ ಎದ್ದು ಕಾಣುತ್ತದೆ. ಅದು ತುಂಬುವವರೆಗೆ ಬಾಲದಕ್ಕ ಷಟರ್ ಎಳೆಯುವುದಿಲ್ಲ.

ಸೈಕಲ್ ಪ್ರವಾಸದ ಕೆಲಸ ಆಕೆಗೆ ಹೇಳದೆ ಕೇಳದೆ ಬಂದದ್ದು. ಮೂವತ್ತೆಂಟನೇ ವಯಸ್ಸಿನಲ್ಲಿ ಒಂದು ದಿನ ದೂರದ ಊರಿನ ಗಂಡ ಹೆಂಡತಿ ತುಂಡಾದ ಚೈನು ಹಿಡಿದು ಅಂಗಡಿಗೆ ಬಂದರು. ಚೈನು ಹತ್ತು ನಿಮಿಷದಲ್ಲಿ ಸರಿಹೋಯಿತು. ಆದರೆ ಅವರಿಗೆ ಘಟ್ಟದ ಹಳೆಯ ದಾರಿ ಗೊತ್ತಿರಲಿಲ್ಲ. ‘ನಡೀರಿ, ಆ ತಿರುವಿನವರೆಗೆ ಬರ್ತೀನಿ’ ಎಂದು ಹೊರಟವಳು ಎರಡು ದಿನ ಬಿಟ್ಟು ಮನೆಗೆ ಬಂದಳು. ಮುಂದಿನ ವರ್ಷ ಅವರು ಆರು ಜನರನ್ನು ಕರೆದುಕೊಂಡು ಬಂದರು. ಆ ಮೊದಲ ದಿನದಿಂದ ಈಗ ಇಪ್ಪತ್ತಮೂರು ವರ್ಷವಾಯಿತು. ಹೂವು ಅರಳುವ ಕಾಲದಿಂದ ಎಲೆ ಉದುರುವ ಕಾಲದವರೆಗೆ ತಿಂಗಳಿಗೆ ಎರಡು ಪ್ರವಾಸ, ಒಂದೊಂದೂ ಆರು ದಿನ. ಮೊದಲ ದಿನ ನದಿಯ ಪಕ್ಕದ ಹೊಲಗಳ ನಡುವೆ ಮೈ ಬಿಸಿ ಮಾಡಿಕೊಳ್ಳುವ ಸಲೀಸಾದ ದಾರಿ. ಎರಡು, ಮೂರನೇ ದಿನ ಗುಡ್ಡದ ತೋಟಗಳು, ಕಾಡು. ನಾಲ್ಕನೇ ದಿನ ಘಟ್ಟ. ಆಮೇಲೆ ಎರಡು ದಿನ ಇಳಿಜಾರು, ಕೆರೆಯ ಏರಿ, ಕೊನೆಗೆ ರೈಲು ನಿಲ್ದಾಣ.

ಬಂದವರ ಸೈಕಲ್ಲನ್ನು ಮುಟ್ಟದೆ ಆಕೆ ಯಾರನ್ನೂ ಕರೆದೊಯ್ಯುವುದಿಲ್ಲ. ಹೆಬ್ಬೆರಳಿನಿಂದ ಟೈರು ಅದುಮಿ ನೋಡುತ್ತಾಳೆ. ಸೀಟಿಗೆ ಮೊಣಕೈ ಊರಿ ಕೈ ಚಾಚಿ ಹ್ಯಾಂಡಲ್ಲಿನ ದೂರ ಅಳೆಯುತ್ತಾಳೆ. ಆಮೇಲೆ ಎಲ್ಲರನ್ನೂ ಕೂರಿಸಿ ತನ್ನ ಕಟ್ಟಳೆ ಹೇಳುತ್ತಾಳೆ. ಯಾರು ಎಷ್ಟು ಬೇಗ ಬೇಕಾದರೂ ಹೋಗಬಹುದು. ದಾರಿ ಎರಡಾಗುವ ಕಡೆ ಮಾತ್ರ, ಎರಡನೆಯವರಾಗಿ ಬಂದವರು ಇಳಿದು ನಿಲ್ಲಬೇಕು. ನಿಂತವರಿಗೆ ಹೆಸರು ‘ಕಲ್ಲು’. ಬರುವವರಿಗೆಲ್ಲ ಕಲ್ಲು ದಾರಿ ತೋರಿಸುತ್ತದೆ. ಎಲ್ಲರಿಗಿಂತ ಹಿಂದೆ, ಕೆಂಪು ಬಟ್ಟೆ ಕಟ್ಟಿದ ಸೈಕಲ್ಲಿನಲ್ಲಿ ಬಾಲದಕ್ಕ ಬರುತ್ತಾಳೆ. ಬಂದು, ‘ಕಲ್ಲು ಏಳಲಿ’ ಎಂದರೆ ಕಲ್ಲು ಸೈಕಲ್ ಹತ್ತಬಹುದು. ಅಲ್ಲಿಯವರೆಗೆ ಭೂಮಿ ಬಾಯಿ ಬಿಟ್ಟರೂ ಜಾಗ ಬಿಡುವ ಹಾಗಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಒಬ್ಬರೂ ದಾರಿ ತಪ್ಪಿರಲಿಲ್ಲ. ಆಕೆ ಅದನ್ನು ಜಂಬದಿಂದಲೇ ಹೇಳುತ್ತಿದ್ದಳು. ಹೇಳಿಕೊಳ್ಳುವಂಥದ್ದೇ ಅದು.

ಹೋದ ವರ್ಷ ಆಕೆಯ ಬಲಮಂಡಿ ತಕರಾರು ತೆಗೆಯಿತು. ತಮ್ಮನ ಮಗ ಪ್ರವಾಸದ ವ್ಯಾನ್ ಓಡಿಸುತ್ತಾನೆ. ಎಲ್ಲರ ಚೀಲ ಹೊತ್ತು ಹೊಸ ರಸ್ತೆಯಲ್ಲಿ ಮುಂದೆ ಹೋಗಿ ತಂಗುವ ಮನೆಯಲ್ಲಿ ನೀರು ಕಾಯಿಸಿಡುವುದು ಅವನ ಕೆಲಸ. ಮೂವತ್ತು ದಾಟಿದವನು, ಅತ್ತೆಯೆಂದರೆ ಪ್ರಾಣ. ಇನ್ನು ನೀವು ವ್ಯಾನಿನಲ್ಲಿ ಕೂತು ಬನ್ನಿ, ಫೋನಿನಲ್ಲೇ ಎಲ್ಲರನ್ನೂ ನೋಡಿಕೊಳ್ಳೋಣ ಎಂದು ದಿನಾ ತಲೆ ತಿನ್ನುತ್ತಿದ್ದ. ಆಕೆ ಕೇಳಿಸದವಳ ಹಾಗೆ ಇರುತ್ತಿದ್ದಳು. ವ್ಯಾನಿನಲ್ಲಿ ಕೂತ ದಿನ ತಾನು ಬಾಲದ ಮನೆಯವಳಾಗಿ ಉಳಿಯುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಭಯ ಆಕೆಗೆ ಬೇರೆ ಇರಲಿಲ್ಲ.

ಆ ವರ್ಷದ ಒಂದು ಪ್ರವಾಸಕ್ಕೆ ಹನ್ನೊಂದು ಜನ ಬಂದಿದ್ದರು. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವನು ಒಬ್ಬ ಬೇಕರಿಯವನು. ಬೆಳಗಿನ ಮೂರಕ್ಕೆ ಎದ್ದು ಹಿಟ್ಟು ನಾದುವ ಅಭ್ಯಾಸದವನು, ಬೇರೆಯವರು ಬೂಟು ಹಾಕಿಕೊಳ್ಳುವಷ್ಟರಲ್ಲಿ ಒಂದು ಗುಡ್ಡ ದಾಟಿರುತ್ತಿದ್ದ. ದಾರಿಯ ನಕ್ಷೆ ಬರೆದ ಕಾಗದ ಅವನ ಹ್ಯಾಂಡಲ್ಲಿಗೆ ಕಟ್ಟಿತ್ತು. ಹನ್ನೊಂದು ಜನರಲ್ಲಿ ಹಿರಿಯರೆಂದರೆ ರೈಲ್ವೆ ಗೇಟು ಕಾದು ನಿವೃತ್ತರಾದವರು. ಮೂವತ್ತನಾಲ್ಕು ವರ್ಷ ಒಂದೇ ಗೇಟು. ಎಲ್ಲರೂ ಅವರನ್ನು ಗೇಟಣ್ಣ ಎಂದು ಕರೆದರು. ಕಟ್ಟಳೆ ಕೇಳುವಾಗ ಉಳಿದವರು ನಕ್ಕರೆ ಅವರೊಬ್ಬರು ಕೈ ಎತ್ತಿ ಕೇಳಿದರು.

“ಕೊನೆಯವರು ದಾಟಿದ್ರು ಅಂತ ಗೊತ್ತಾಗೋದು ಹೇಗೆ ತಂಗಿ?”

ಬಾಲದಕ್ಕ ಕೆಂಪು ಬಟ್ಟೆ ತೋರಿಸಿದಳು. ಗೇಟಣ್ಣನ ಮುಖ ಅರಳಿತು. ಕೊನೆಯ ಬೋಗಿಯ ಗುರುತು ಕಣ್ಣಿಗೆ ಬೀಳದೆ ತಾವು ಎಂದೂ ಗೇಟು ಎತ್ತಿದವರಲ್ಲ, ಒಮ್ಮೆ ದೊಡ್ಡ ಅಧಿಕಾರಿಯ ಕಾರು ಹಾರ್ನು ಹೊಡೆದೂ ಹೊಡೆದೂ ಸುಸ್ತಾಗಿತ್ತು ಎಂದು ಆ ಸಂಜೆಯೆಲ್ಲ ಹೇಳಿದರು. ಕಲ್ಲಾಗಿ ನಿಲ್ಲುವುದನ್ನು ಅವರಷ್ಟು ಇಷ್ಟಪಟ್ಟವರನ್ನು ಬಾಲದಕ್ಕ ನೋಡಿರಲಿಲ್ಲ. ಎರಡನೆಯವರಾಗಲು ಆ ವಯಸ್ಸಿನಲ್ಲೂ ಏದುಸಿರು ಬಿಟ್ಟು ತುಳಿಯುತ್ತಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಘಟ್ಟದ ಬುಡದಲ್ಲಿ ಮಂಡಿ ಬೀಗ ಹಾಕಿಕೊಂಡಿತು. ಮಡಚಲೂ ಆಗದು, ಚಾಚಲೂ ಆಗದು. ಮುಂದಿನವರೆಲ್ಲ ಆಗಲೇ ಹಳೆಯ ಕಲ್ಲುದಾರಿ ಹಿಡಿದು ಮೇಲೆ ಹೋಗಿದ್ದರು. ಸೋದರಳಿಯನ ವ್ಯಾನು ಹಿಂದಿನಿಂದ ಬಂದು ನಿಂತಿತು. ಅವನು ಸೈಕಲ್ಲನ್ನು ಮೇಲಕ್ಕೆ ಕಟ್ಟಿದ, ಅತ್ತೆಯ ತೋಳು ಹಿಡಿದು ಒಳಗೆ ಕೂರಿಸಿದ. ನೆತ್ತಿಯಲ್ಲಿ ಕಲ್ಲು ನಿಂತಿರುತ್ತದಲ್ಲ ಎಂದು ಆಕೆ ಕೇಳಿದಳು. ಎಲ್ಲರ ಫೋನಿಗೂ ಸುದ್ದಿ ಹಾಕಿದ್ದೇನೆ, ಯಾರೂ ಕಾಯದೆ ಇಳಿದುಬಿಡಿ ಎಂದಿದ್ದೇನೆ ಎಂದ. ನೋವು ಹಲ್ಲು ಕಚ್ಚಿಸುತ್ತಿತ್ತು. ಹೂಂ ಅಂದುಬಿಟ್ಟಳು. ವ್ಯಾನು ಹೊಸ ರಸ್ತೆಯ ಸುರಂಗದಲ್ಲಿ ನುಗ್ಗಿ ಅರ್ಧ ಗಂಟೆಯಲ್ಲಿ ಆಚೆ ಮಗ್ಗುಲಿನ ತಂಗುಮನೆ ತಲುಪಿತು. ಕೆಂಪು ಬಟ್ಟೆಯೂ ಸುರಂಗದಲ್ಲೇ ಬಂತು.

ಅವನ ಸುದ್ದಿ ನೆತ್ತಿ ಮುಟ್ಟಲಿಲ್ಲ. ಅಲ್ಲಿ ಫೋನು ಹಿಡಿಯುವುದಿಲ್ಲ. ಹಿಡಿದಿದ್ದರೂ ಗೇಟಣ್ಣನದು ಗುಂಡಿ ಒತ್ತುವ ಹಳೇ ಫೋನು, ಆ ಸುದ್ದಿ ಅದಕ್ಕೆ ಬರುತ್ತಿರಲಿಲ್ಲ. ಹನ್ನೊಂದೂವರೆಗೆ ಅವರು ಮೇಸ್ತ್ರಿಯ ಚಪ್ಪಡಿಯ ಹತ್ತಿರ ಕಲ್ಲಾಗಿ ನಿಂತರು. ಎಡಕ್ಕೆ ಹೋದರೆ ಪಾಳುಬಿದ್ದ ಕಲ್ಲಿನ ಕ್ವಾರಿ, ಬಲಕ್ಕೆ ಹೋದರೆ ತಂಗುಮನೆ. ಒಂಬತ್ತು ಜನಕ್ಕೂ ಬಲಗೈ ತೋರಿಸಿ ಕಳಿಸಿದರು. ಕೊನೆಗೆ ಬಂದ ಇಬ್ಬರು ಗೆಳತಿಯರು, ‘ನಮ್ಮ ಹಿಂದೆ ಯಾರೂ ಕಾಣಲಿಲ್ಲ, ನೀವೂ ಬನ್ನಿ’ ಎಂದು ಕರೆದರಂತೆ. ಕೆಂಪು ಬಟ್ಟೆ ಬಂದಿಲ್ಲ ಎಂದು ಇವರು ಹೇಳಿದರು. ಹಾಗಾದರೆ ಅಕ್ಕ ಹಿಂದೆ ಇದ್ದಾಳೆ, ಇಬ್ಬರೂ ಜೊತೆಗೆ ಬರುತ್ತಾರೆ ಎಂದುಕೊಂಡು ಅವರು ಇಳಿದರು. ಮಂಜು ಏರಿತು. ಆಮೇಲೆ ಸಣ್ಣಗೆ ಮಳೆ. ಕ್ವಾರಿಯ ಕಡೆಯಿಂದ ಬಂದ ಜೀಪಿನವನೊಬ್ಬ ಹತ್ತಿಸಿಕೊಳ್ಳುತ್ತೇನೆ ಎಂದ. ಕೆಲಸದ ಮೇಲಿದ್ದೇನೆ ಎಂದು ಅವನನ್ನೂ ಕಳಿಸಿದರು.

ತಂಗುಮನೆಯಲ್ಲಿ ಬಾಲದಕ್ಕ ಹಿಂದಿನ ಕೋಣೆಯಲ್ಲಿ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತ ಮಲಗಿದ್ದಳು. ಒಬ್ಬೊಬ್ಬರೇ ಬಂದರು, ಸ್ನಾನ ಮಾಡಿದರು, ಮಲಗಿದರು. ಎಲ್ಲರೂ ಬಂದರೇ ಎಂದು ಆಕೆ ಕೇಳಿದಾಗ ಸೋದರಳಿಯ ಹೊರಗೆ ಹೋಗಿ ಗೋಡೆಗೆ ಒರಗಿಸಿದ್ದ ಸೈಕಲ್ ಎಣಿಸಿ ಬಂದು ಹನ್ನೊಂದು ಎಂದ. ಲೆಕ್ಕ ಸರಿ. ಆ ಹನ್ನೊಂದರಲ್ಲಿ ಒಂದು ವ್ಯಾನಿನಿಂದ ಅವನೇ ಇಳಿಸಿಟ್ಟ ಅತ್ತೆಯ ಸೈಕಲ್ಲು. ಆಕೆ ತಾನೇ ಎಣಿಸಿದ್ದರೆ ಕೆಂಪು ಬಟ್ಟೆ ಕಣ್ಣಿಗೆ ಚುಚ್ಚುತ್ತಿತ್ತು. ಅಷ್ಟು ವರ್ಷದಲ್ಲಿ ಅದೊಂದೇ ದಿನ ಆಕೆ ಎಣಿಕೆಯನ್ನು ಬೇರೆಯವರ ಕೈಗೆ ಕೊಟ್ಟದ್ದು.

ಮೂರು ಗಂಟೆಗೆ ಸೂಪಿನ ಬಟ್ಟಲು ಇಡುವಾಗ ಒಂದು ಬಟ್ಟಲು ಉಳಿಯಿತು. ಆಕೆ ಬಟ್ಟಲನ್ನು ನೋಡಿದಳು, ಮುಖಗಳನ್ನು ನೋಡಿದಳು. ಗೇಟಣ್ಣ ಎಲ್ಲಿ ಎಂದು ಕೇಳಿದಾಗ ಆ ಗೆಳತಿಯರಲ್ಲಿ ಒಬ್ಬಾಕೆ, “ಅಯ್ಯೋ, ನಿಮ್ಮ ಜೊತೆ ಬರ್ಲಿಲ್ವಾ ಅಕ್ಕ?” ಎಂದಳು.

ಹಳೆಯ ದಾರಿಗೆ ವ್ಯಾನು ಹತ್ತದು. ಬೇಕರಿಯವನು ಆಗಲೇ ಬೂಟು ಹಾಕುತ್ತಿದ್ದ. ಬಾಲದಕ್ಕ ಅವನ ಕೈಗೆ ಕಂಬಳಿ, ಒಣಬಟ್ಟೆ, ಚಹಾದ ಫ್ಲಾಸ್ಕು ಕೊಟ್ಟು ಮುಂದೆ ಓಡಿಸಿದಳು. ಕೆಂಪು ಬಟ್ಟೆಯನ್ನೂ ಕೊಟ್ಟು ಕಳಿಸಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ಅವನು ಎರಡು ತಿರುವು ದಾಟಿದ್ದ. ಆಗ ಆಕೆ ಮಂಡಿಗೆ ಪಟ್ಟಿ ಬಿಗಿದು ತನ್ನ ಸೈಕಲ್ ತೆಗೆದಳು. ಸೋದರಳಿಯ ಅಡ್ಡ ನಿಂತ. ಪಕ್ಕಕ್ಕೆ ಸರಿ ಎಂದಷ್ಟೇ ಹೇಳಿದಳಂತೆ, ಸರಿದ. ಒಂಬತ್ತು ಕಿಲೋಮೀಟರ್ ಏರು. ಸಮ ಇದ್ದ ಕಡೆ ಒಂದೇ ಕಾಲಿನಲ್ಲಿ ತುಳಿದಳು, ಕಡಿದಾದ ಕಡೆ ಸೈಕಲ್ಲನ್ನೇ ಊರುಗೋಲು ಮಾಡಿಕೊಂಡು ನಡೆದಳು. ಅಜ್ಜ ಹಾಸಿದ ಒಂದೊಂದು ಕಲ್ಲೂ ಅವತ್ತು ಆಕೆಯ ಕಾಲಿಗೆ ಲೆಕ್ಕ ಕೇಳಿತು.

ನೆತ್ತಿ ತಲುಪಿದಾಗ ಐದು ಗಂಟೆ. ಚಪ್ಪಡಿಯ ಮೇಲೆ ಗೇಟಣ್ಣ ಕಂಬಳಿ ಹೊದ್ದು ಕೂತಿದ್ದರು. ತುಟಿ ನೀಲಿಗಟ್ಟಿತ್ತು, ಬೆನ್ನು ಮಾತ್ರ ನೆಟ್ಟಗೆ. ಪಕ್ಕದಲ್ಲಿ ಬೇಕರಿಯವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

“ಅಕ್ಕಾ, ಬೇಡಿಕೊಂಡೆ, ಬೈದೆ, ಹೊತ್ಕೊಂಡು ಹೋಗ್ತೀನಿ ಅಂತಾನೂ ಹೆದರಿಸ್ದೆ. ಚಹಾ ಕುಡಿದ್ರು, ಕಂಬಳಿ ಹೊದ್ರು, ಏಳ್ತಾನೇ ಇಲ್ಲ,” ಎಂದ.

“ಇವನ ಹತ್ರ ಕೆಂಪು ಬಟ್ಟೆ ಇಲ್ಲ,” ಎಂದರು ಗೇಟಣ್ಣ. ಆಮೇಲೆ ಬಾಲದಕ್ಕನ ಸೈಕಲ್ಲಿನ ಹಿಂದೆ ನೋಡಿದರು, ಆಕೆ ಬಂದ ದಾರಿಯನ್ನು ನೋಡಿದರು. “ಬಂದ್ಯಲ್ಲ ತಂಗಿ, ಒಳ್ಳೇದಾಯ್ತು. ಆದ್ರೆ ನೀನು ಬರಬೇಕಾಗಿದ್ದು ಆ ಕಡೆಯಿಂದ.”

ತಮಾಷೆ ಇರಬಹುದು ಎಂದು ಬೇಕರಿಯವನು ನಕ್ಕ. ಬಾಲದಕ್ಕ ನಗಲಿಲ್ಲ. ಗೇಟಣ್ಣನ ಕಣ್ಣಿನಲ್ಲೂ ನಗು ಇರಲಿಲ್ಲ. ಐದೂವರೆ ಗಂಟೆ ಕಾದ ಮನುಷ್ಯನಿಗೆ ಅರ್ಧ ಕೆಲಸ ಕೊಟ್ಟು ಎಬ್ಬಿಸುವುದು ಅವಮಾನ ಎಂದು ಆಕೆಗೆ ಅರ್ಥವಾಯಿತು. ಸೈಕಲ್ ತಳ್ಳಿಕೊಂಡು ಅವರನ್ನು ದಾಟಿ ಆಚೆಯ ಇಳಿಜಾರಿನಲ್ಲಿ ಐವತ್ತು ಹೆಜ್ಜೆ ಕೆಳಗೆ, ತಿರುವಿನವರೆಗೆ ಹೋದಳು. ಅಲ್ಲಿ ತಿರುಗಿಸಿ ಹತ್ತಿದಳು. ಎಡಗಾಲಿನಲ್ಲೇ ತುಳಿದು, ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿರಲು, ಬರಬೇಕಾದ ದಿಕ್ಕಿನಿಂದಲೇ ಮೇಲೆ ಬಂದಳು. ಗೇಟಣ್ಣ ಕಂಬಳಿ ತೆಗೆದು ಎದ್ದು ನಿಂತು ಬಲಗೈ ಚಾಚಿ ದಾರಿ ತೋರಿಸಿದರು.

“ಕಲ್ಲು ಏಳಲಿ,” ಎಂದಳು.

ಅವರ ಎರಡು ಮಂಡಿಯೂ ಒಣಕಟ್ಟಿಗೆಯ ಹಾಗೆ ಲಟಕ್ಕೆಂದವು. ಸೈಕಲ್ ಹಿಡಿದುಕೊಳ್ಳುತ್ತ, “ಐದೂವರೆ ಗಂಟೆ ಲೇಟು. ಪರವಾಗಿಲ್ಲ, ಇದಕ್ಕಿಂತ ಲೇಟಾಗಿ ಬಂದ ಗಾಡಿಗಳನ್ನ ನೋಡಿದ್ದೀನಿ,” ಎಂದರು.

“ತಪ್ಪು ನಂದು ಅಣ್ಣ. ಬಟ್ಟೆನ ವ್ಯಾನೊಳಗೆ ಹಾಕ್ಕೊಂಡು ಹೋದೆ.”

“ಇನ್ಮೇಲೆ ಹಾಕ್ಕೊಂಡು ಹೋಗ್ಬೇಡ,” ಎಂದರು. ಅಷ್ಟೇ.

ಮೂವರೂ ಇಳಿದರು. ಮುಂದೆ ಬೇಕರಿಯವನು, ನಡುವೆ ಗೇಟಣ್ಣ, ಹಿಂದೆ ಬಾಲದಕ್ಕ. ತಂಗುಮನೆಯ ಬಾಗಿಲಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಸೋದರಳಿಯನಿಗೆ ಅಳುವೇ ಬಂದಿತ್ತು. ಅವನ ಕಡೆ ಆಕೆ ಒಂದು ಬೆರಳೂ ತೋರಿಸಲಿಲ್ಲ. ಊಟದ ಮೇಜಿನಲ್ಲಿ ಎದ್ದು ನಿಂತು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಬಾಲ ಕಾಣದೆ ಹೋದರೆ ಹೊಣೆ ಬಾಲದ್ದೇ, ನನ್ನ ಮೇಲೆ ನಂಬಿಕೆ ಹೋದವರು ನಾಳೆ ವ್ಯಾನಿನಲ್ಲಿ ನಿಲ್ದಾಣಕ್ಕೆ ಹೋಗಬಹುದು, ಬೇಸರ ಇಲ್ಲ ಎಂದಳು. ಯಾರೂ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಕವಲಿನಲ್ಲಿ ಕಲ್ಲಾಗಿ ನಿಲ್ಲಲು ಮೂರು ಜನ ಜಗಳವಾಡಿದರು.

ಚಳಿಗಾಲವೆಲ್ಲ ಬಾಲದಕ್ಕ ಮಂಡಿಯ ಡಾಕ್ಟರ ಹತ್ತಿರ ಹೋದಳು. ಆತ ಹೇಳಿದ ಕಸರತ್ತನ್ನು ಅಂಗಡಿಯ ನೆಲದ ಮೇಲೆ, ತೂಗುವ ಸೈಕಲ್‌ಗಳ ಕೆಳಗೆ, ಬಂದ ಗಿರಾಕಿಗಳ ಎದುರಿಗೇ ಮಾಡಿದಳು. ತನ್ನ ಸೈಕಲ್ಲಿನ ಮುಂದಿನ ದೊಡ್ಡ ಹಲ್ಲುಚಕ್ರ ತೆಗೆದು ಊಟದ ತಟ್ಟೆಯಷ್ಟಿದ್ದದ್ದನ್ನು ಚಹಾದ ತಟ್ಟೆಯಷ್ಟಕ್ಕೆ ಇಳಿಸಿದಳು. ತುಳಿಯಲು ಹಗುರ, ಆದರೆ ಆಮೆಯೂ ಹಿಂದಿಕ್ಕಬಹುದು. ಗಂಡ ಆ ಸೈಕಲ್ಲಿನ ಮೇಲೆ ಚಂದದ ಅಕ್ಷರದಲ್ಲಿ ‘ಅವಸರ ಇದ್ದವರು ಮುಂದೆ ಹೋಗಿ’ ಎಂದು ಬರೆದುಕೊಟ್ಟ.

ಈ ವರ್ಷ ಹೂವಿನ ಕಾಲದ ಮೊದಲ ಪ್ರವಾಸಕ್ಕೆ ಗೇಟಣ್ಣ ಮತ್ತೆ ಬಂದರು. ನಾಲ್ಕನೇ ದಿನ ಎಲ್ಲರೂ ಘಟ್ಟ ಹತ್ತಿದ ಮೇಲೆ ಅದೇ ಬುಡದಲ್ಲಿ, ಅದೇ ಜಾಗದಲ್ಲಿ ಬಾಲದಕ್ಕ ಇಳಿದು ಮಂಡಿ ತಿಕ್ಕುತ್ತಿದ್ದಳು. ವ್ಯಾನು ಬಂತು. ಸೋದರಳಿಯ ಬುದ್ಧಿ ಕಲಿತಿದ್ದ. ವ್ಯಾನಿನಲ್ಲಿ ಕೂರಿ ಎನ್ನಲಿಲ್ಲ. ಮೇಲಿಂದ ಒಂದು ಹೊಸ ಬ್ಯಾಟರಿ ಸೈಕಲ್ಲನ್ನು ಇಳಿಸಿ ಅತ್ತೆಯ ಮುಂದೆ ನಿಲ್ಲಿಸಿದ.

“ಅತ್ತೆ, ನೀವು ದಾರಿ ಬಿಡೋದೇ ಬೇಡ. ಬಟ್ಟೆ ಇದಕ್ಕೇ ಕಟ್ಟಿ. ಗುಂಡಿ ಒತ್ತಿದ್ರೆ ಅದೇ ಹತ್ತುತ್ತೆ, ನಿಮ್ಮ ಮಂಡಿನೂ ಉಳಿಯುತ್ತೆ.”

ಆಕೆ ಹೊಸ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಅದುಮಿ ನೋಡಿದಳು, ಚಕ್ರ ತಿರುಗಿಸಿ ನೋಡಿದಳು, ಚೆನ್ನಾಗಿದೆ ಎಂದು ಒಪ್ಪಿದಳು. ಆಮೇಲೆ ತನ್ನ ಹಳೆಯದರ ಹಿಂದೆ ಕೆಂಪು ಬಟ್ಟೆಯ ಗಂಟನ್ನು ಇನ್ನೊಂದು ಸಲ ಬಿಗಿದಳು.

“ಬೇಡಪ್ಪ. ಇದರ ಮೇಲೆ ಕೂತ್ರೆ ನಾನು ಬೇಗ ಹೋಗ್ತೀನಿ. ನಾನು ಬೇಗ ಹೋದ್ರೆ ನನಗಿಂತ ನಿಧಾನದವರು ನನ್ನ ಹಿಂದೆ ಉಳ್ಕೋತಾರೆ. ಬಾಲ ಅಂದ್ಮೇಲೆ ಎಲ್ಲರಿಗಿಂತ ನಿಧಾನ ಇರಬೇಕು, ಅದಕ್ಕೆ ಈ ಮಂಡಿನೇ ಸರಿ. ಮೇಲೆ ಗೇಟಣ್ಣ ನಿಂತಿರ್ತಾರೆ, ತಡ ಆದ್ರೆ ಕಾಯ್ತಾರೆ, ಬರದೆ ಇದ್ರೇನೆ ಕಷ್ಟ. ಚಿಂತೆ ಬಿಡು, ನಾನು ಬರ್ತೀನಿ. ನೀನು ವ್ಯಾನಿನ ಬಾಗಿಲು ಹಾಕ್ಕೊಂಡು ಮುಂದೆ ಹೋಗಿ ನೀರು ಕಾಯಿಸು.”